ದೇವಪುತ್ರ ಸರ್ ಅವರಿಗೆ ಕಿವಿಯಾಗಿದ್ದೆ

ದೇವಪುತ್ರ ಸರ್ ಯಾರನ್ನಾದರೂ ಮೊದಲ ಸಲ ಕಂಡಾಗ ಹೆಸರು, ಊರು, ಜಾತಿ ಯಾವುದನ್ನೂ ಕೇಳುತ್ತಿರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ತಲೆಯನ್ನು ಸ್ವಲ್ಪ ವಾಲಿಸಿ, "ಒಂದ್ಸಲ ಕೂಗ್ರಿ ನೋಡೂಣು" ಅನ್ನುತ್ತಿದ್ದರು. ಅಡ್ಮಿಷನ್ನಿಗೆ ಬಂದ ಹುಡುಗರು, ಹೊಸದಾಗಿ ಸೇರಿದ ಗಣಿತದ ಮೇಷ್ಟ್ರು, ಹಾಸ್ಟೆಲ್ಲಿಗೆ ಹಾಲು ಹಾಕುವವನು, ಒಮ್ಮೆ ಚೆನ್ನೈಯಿಂದ ಬಂದಿದ್ದ ಬಿಷಪ್ಪರು, ಎಲ್ಲರಿಗೂ ಅದೇ ಮಾತು. ಕೂಗಿದವರ ದನಿ ಕೇಳಿ ನಾಲ್ಕರಲ್ಲಿ ಒಂದು ಹೆಸರಿಡುತ್ತಿದ್ದರು. ಹೆಂಗಸರ ತೆಳು ದನಿ ಗುಬ್ಬಿ, ತುಂಬು ದನಿ ಪಾರಿವಾಳ. ಗಂಡಸರ ಎತ್ತರದ ದನಿ ಹೋರಿ, ತಗ್ಗಿನ ದನಿ ಕೋಣ. ಬಿಷಪ್ಪರು ಕೋಣ ಆದರು. ಕನ್ನಡ ಬಾರದ ಅವರು ಅದೇನೋ ಬಿರುದೆಂದು ತಿಳಿದು, ಸಂತೋಷದಿಂದ ಎರಡೂ ಕೈ ಹಿಡಿದು ಕುಲುಕಿದರು.

ಇದೆಲ್ಲ ನಡೆಯುತ್ತಿದ್ದದ್ದು ರಾಯಚೂರಿನಿಂದ ಮಾನ್ವಿಗೆ ಹೋಗುವ ರಸ್ತೆಯಲ್ಲಿ, ಲೂಥರನ್ ಕ್ರೈಸ್ತ ಸಭೆಯವರು ನಡೆಸುವ ಒಂದು ಚಿಕ್ಕ ವಿಶ್ವವಿದ್ಯಾಲಯದಲ್ಲಿ. ಮೊದಲು ಅದು ಶಿಕ್ಷಕರ ತರಬೇತಿ ಶಾಲೆ, ಆಮೇಲೆ ಕಾಲೇಜು, ಕೊನೆಗೆ ವಿಶ್ವವಿದ್ಯಾಲಯ. ಗೇಟಿನ ಬೋರ್ಡು ಮೂರು ಸಲ ಬದಲಾಯಿತು; ಒಳಗಿನ ಬೇವಿನ ಗಿಡಗಳು ಅವೇ, ನಡುವಿನ ಕಲ್ಲಿನ ಚರ್ಚು ಅದೇ. ಬಸ್ಸು ಹತ್ತಿ "ಯುನಿವರ್ಸಿಟಿ" ಅಂದರೆ ಕಂಡಕ್ಟರು, "ಯವ್ವಾ, ಯರಗೇರಾ ಬಸ್ಸು ಅತ್ತಾಗ ನಿಲ್ತದ, ಇಳೀರಿ" ಎಂದು ಇಳಿಸಿಬಿಡುತ್ತಿದ್ದ. ಅವನ ಪಾಲಿಗೆ ಯುನಿವರ್ಸಿಟಿ ಅಂದರೆ ಯರಗೇರಾದಲ್ಲಿರುವ ಸರಕಾರದ್ದು ಮಾತ್ರ. ಇತಿಹಾಸದವರು, ರಸಾಯನಶಾಸ್ತ್ರದವರು, ಕನ್ನಡದವರು, ದೇವಶಾಸ್ತ್ರದವರು ಎಲ್ಲರೂ ಒಂದೇ ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆವು. ಒಬ್ಬರ ಮನೆಯ ಪುಂಡಿಪಲ್ಲೆ ಇನ್ನೊಬ್ಬರ ರೊಟ್ಟಿಗೆ ಹೋಗುತ್ತಿತ್ತು. ಬುಧವಾರ ಹನ್ನೊಂದು ಗಂಟೆಗೆ ಎಲ್ಲರೂ ಚರ್ಚಿನಲ್ಲಿ ಸೇರುವುದು ರೂಢಿ. ನಂಬಿಕೆ ಇದ್ದವರು ಪ್ರಾರ್ಥನೆಗೆ ಬರುತ್ತಿದ್ದರು, ಉಳಿದವರು ಹಾಡು ಕೇಳಲು ಬರುತ್ತಿದ್ದರು. ಆ ಹಾಡು ಅಲ್ಲಿಯ ಸಂಗೀತದ ಮೇಷ್ಟ್ರಾದ ದೇವಪುತ್ರ ಸರ್ ಕಟ್ಟಿದ ಕ್ವಾಯರಿನದು, ಗುಂಪಾಗಿ ಹಾಡುವ ತಂಡದ್ದು.

ಅವರ ಬಗ್ಗೆ ಬರೆಯುವ ಅರ್ಹತೆ ನನಗೆ ಎಷ್ಟಿದೆ ಎಂಬುದು ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ.

ನಾನು ಯಾಪಲದಿನ್ನಿಯ ಬೀರವ್ವ. ಕುರಿ ಕಾಯುವ ಮನೆತನ. ಬಿ.ಎ.ಗೆ ಸೇರಿಸಲು ಅಪ್ಪ ನನ್ನನ್ನು ಕರೆದುಕೊಂಡು ಬಂದ ದಿನ ಆಫೀಸಿನ ಮುಂದೆ ಸಾಲು ಇತ್ತು. ಅಪ್ಪನ ಹೆಗಲ ಮೇಲೆ ಕಂಬಳಿ, ನನ್ನ ಕೈಯಲ್ಲಿ ಅಂಕಪಟ್ಟಿ. ಸಾಲಿನ ಪಕ್ಕದಲ್ಲಿ ಹೋಗುತ್ತಿದ್ದ ಒಬ್ಬ ಕುಳ್ಳ, ಕಪ್ಪು, ಬಿಳಿ ಅಂಗಿಯ ಮನುಷ್ಯ ನನ್ನ ಮುಂದೆ ನಿಂತು, "ಕೂಗವ್ವಾ ಒಂದ್ಸಲ" ಅಂದರು. ನಾನು ನಾಚಿ ನೆಲ ನೋಡಿದೆ. ಅಪ್ಪನಿಗೆ ಅದು ಪರೀಕ್ಷೆಯ ಒಂದು ಭಾಗವೆಂದು ಅನ್ನಿಸಿರಬೇಕು. "ಕೂಗು ಬೇ, ಕುರಿ ಕರ್ದಂಗ ಕೂಗು" ಎಂದು ಬೆನ್ನು ತಟ್ಟಿದ. ನಾನು ಕಣ್ಣು ಮುಚ್ಚಿಕೊಂಡು, ಗುಡ್ಡದ ಆಚೆಗಿನ ಹಿಂಡನ್ನು ಕರೆಯುವಂತೆ ಕೂಗಿದೆ. ಆಫೀಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಆ ಮನುಷ್ಯ ಮಾತ್ರ ಬೆಲ್ಲ ಬಾಯಲ್ಲಿಟ್ಟವರಂತೆ ನಿಂತಿದ್ದರು.

"ಪಾರಿವಾಳ," ಅಂದರು. "ನಾಳಿ ನಾಕಕ್ಕ ಚರ್ಚಿಗೆ ಬಾ."

ಅಪ್ಪನ ಮುಖ ಬದಲಾಯಿತು. "ಸಾಹೇಬ್ರ, ನಮ್ ಹುಡುಗೀನ ಕಿರಿಸ್ತಾನ ಮಾಡ್ತೀರೇನ್ರಿ?"

"ಇಲ್ಲ ಯಪ್ಪಾ, ಆ ಕೆಲಸ ಪಾದ್ರಿಗೋಳ್ದು. ನನಗ ಬರಾದು ಹಾಡಾಕ ಹಚ್ಚಾದೊಂದ. ನಿಮ್ ಬೀರಪ್ಪ ದೇವ್ರು ಈಕೀನ ಅಲ್ಲಿಂದಾನೂ ಕಾಯ್ತಾನ, ಅಂಜಬ್ಯಾಡ."

ಅಪ್ಪ ಅಂಜಲಿಲ್ಲ. ಮರುದಿನದಿಂದ ನಾನು ಪಾರಿವಾಳ ಆದೆ. ಮುಂದೆ ಅಲ್ಲಿಯೇ ಓದಿ, ಗುಲಬರ್ಗಾಕ್ಕೆ ಹೋಗಿ ಎಂ.ಎ. ಮಾಡಿ, ಅದೇ ಕಾಲೇಜಿಗೆ ಕನ್ನಡ ಅಧ್ಯಾಪಕಿಯಾಗಿ ಮರಳಿದಾಗಲೂ ಸರ್ ನನ್ನನ್ನು ಸ್ಟಾಫ್ ರೂಮಿನಲ್ಲಿ ಪರಿಚಯಿಸಿದ್ದು ಹಾಗೆಯೇ: "ನಮ್ ಪಾರಿವಾಳ ವಾಪಸ್ ಬಂದದ ನೋಡ್ರಿ."

ಸರ್ ಅರಕೇರಾದವರು. ತಾಯಿ ಚಂದ್ರಮ್ಮ ಕೂಲಿ ಮಾಡಿದವರು, ತಂದೆ ಹಲಗೆ ಬಡಿಯುತ್ತಿದ್ದವರು. ಸಂಗೀತದ ಯಾವ ಪದವಿಯೂ ಅವರಿಗೆ ಇರಲಿಲ್ಲ. ದೇವದುರ್ಗದ ಒಬ್ಬ ಮುದಿ ಪಾದ್ರಿ ಹಳೆಯ ಹಾರ್ಮೋನಿಯಂ ಮುಂದೆ ಕೂಡಿಸಿ ಕಲಿಸಿದ್ದಷ್ಟೇ. ಜರ್ಮನ್ ಪಾದ್ರಿಗಳು ಬಿಟ್ಟುಹೋದ ನಾಲ್ಕು ದನಿಯ ಹಾಡುಗಳಿಗೆ ಅವರು ಹಲಗೆಯ ಪೆಟ್ಟು ಸೇರಿಸುತ್ತಿದ್ದರು. ಸಭೆಯ ಹಿರಿಯರು ಕೆಲವರು ಮುಖ ಗಂಟು ಹಾಕಿಕೊಂಡರೆ, "ಆ ದೇಶದಾಗ ಥಂಡಿ ಅದ, ಹಾಡು ಸಾವಕಾಶ ನಡೀತಾವ. ನಮ್ ಬಿಸಲಾಗ ಓಡಬೇಕಾಗ್ತದ" ಅನ್ನುತ್ತಿದ್ದರು. ಹಾಡುವ ಮುನ್ನ ಮಿರ್ಚಿ ಬಜ್ಜಿ ತಿನ್ನಬಾರದೆಂಬುದು ಅವರ ಕಟ್ಟಪ್ಪಣೆ. ಆದರೆ ಊರೂರಿಗೆ ಹಾಡಲು ಹೋಗುವಾಗ ದಾರಿಯ ಹೋಟೆಲ್ಲಿನಲ್ಲಿ ವ್ಯಾನು ನಿಂತರೆ, ನಮಗೆ ಬರೇ ಮಂಡಕ್ಕಿಯ ಒಗ್ಗರಣೆ ಕೊಡಿಸಿ, ತಾವು ವ್ಯಾನಿನ ಹಿಂದೆ ನಿಂತು ಡ್ರೈವರ್ ಖಾಜಾ ಮಾಮಾನ ಜೊತೆ ನಾಲ್ಕು ನಾಲ್ಕು ಮಿರ್ಚಿ ತಿನ್ನುತ್ತಿದ್ದರು. ಒಮ್ಮೆ ಹುಡುಗಿಯರು ಹಿಡಿದೇಬಿಟ್ಟರು. ಸರ್ ಬಾಯಿ ಒರೆಸಿಕೊಂಡು, "ನಾ ಹಾಡಂಗಿಲ್ಲಲ್ಲ ಬೇ, ಕೈ ಆಡಸ್ತೀನಿ ಅಷ್ಟ. ಕೈಗೆ ಖಾರ ಹತ್ತಂಗಿಲ್ಲ" ಅಂದರು.

ಖಾಜಾ ಮಾಮಾ ಅವರ ಪ್ರಾಣಸ್ನೇಹಿತ. ಇಪ್ಪತ್ತು ವರ್ಷ ಕಾಲೇಜಿನ ವ್ಯಾನು ಓಡಿಸಿದವರು. ವ್ಯಾನು ನಿಲ್ಲಿಸಿದ ಮೇಲೆ ಢೋಲಕ್ ಹಿಡಿದು ಕ್ವಾಯರಿನ ಮೂಲೆಯಲ್ಲಿ ಕೂಡುತ್ತಿದ್ದರು. ಇಬ್ಬರೂ ವಾಗ್ವಾದ ಮಾಡದ ದಿನವಿಲ್ಲ, ಒಬ್ಬರನ್ನು ಬಿಟ್ಟು ಒಬ್ಬರು ಚಹಾ ಕುಡಿದ ದಿನವೂ ಇಲ್ಲ. ಸರ್ ಅವರ ಹೆಂಡತಿ ತೀರಿಕೊಂಡ ವರ್ಷ ಖಾಜಾ ಮಾಮಾನ ಮನೆಯಿಂದ ದಿನಾ ಬೆಳಿಗ್ಗೆ ರೊಟ್ಟಿ ಬರುತ್ತಿತ್ತು. ಸರ್ ಅವರ ಮಗಳು ಸುನೀತಾ ಖಾಜಾ ಮಾಮಾನ ಹೆಂಡತಿಯ ಕೈಯಲ್ಲೇ ಬೆಳೆದಳು ಅಂದರೂ ಆದೀತು.

ಅರಕೇರಾದಲ್ಲಿ ನಡೆದ ಒಂದು ಸಂಗತಿ ಹೇಳಬೇಕು. ನಾನಿನ್ನೂ ವಿದ್ಯಾರ್ಥಿನಿ. ಅಲ್ಲಿಯ ಶಾಲೆಯ ಅಂಗಳದಲ್ಲಿ ಮಧ್ಯಾಹ್ನ ನಮ್ಮ ಹಾಡು ಇತ್ತು. ಊರಿನ ಹಿರಿಯರು ಕುರ್ಚಿಗಳಲ್ಲಿ ಕೂತಿದ್ದರು. ಎರಡನೆಯ ಹಾಡಿನ ನಡುವೆ ಸರ್ ಕೈ ತಟ್ಟನೆ ನಿಂತಿತು. ಅವರು ಕಂಪೌಂಡಿನ ಕಡೆ ನೋಡುತ್ತಿದ್ದರು. ಗೋಡೆಯ ಆಚೆ, ರಸ್ತೆಯ ಬದಿಯ ಮಣ್ಣಿನಲ್ಲಿ, ಸೆರಗು ತಲೆಗೆ ಹೊದ್ದು ಅವರ ತಾಯಿ ಕೂತಿದ್ದರು. ಯಾರೂ ಹೊರಗೆ ಕೂಡಲು ಹೇಳಿರಲಿಲ್ಲ. ಒಂದು ಕಾಲದಲ್ಲಿ ಹೇಳುತ್ತಿದ್ದರು, ಆಕೆ ಅದನ್ನು ಮರೆತಿರಲಿಲ್ಲ, ಅಷ್ಟೇ. ಸರ್ ನಮ್ಮನ್ನೆಲ್ಲ ಹಾಗೇ ನಿಲ್ಲಿಸಿ ಹೊರಗೆ ಹೋದರು. "ಏಳು ಯವ್ವಾ."

"ಇಲ್ಲೇ ಕೇಳ್ತದೋ, ನೀ ಹೋಗು, ಎಲ್ಲಾರೂ ನೋಡಾಕತ್ತಾರ."

"ನೋಡ್ಲಿ. ನೋಡಾಕಂತ ಕರ್ದೀನಿ."

ಕೈ ಹಿಡಿದು ಕರೆತಂದು, ಮುಂದಿನ ಸಾಲಿನಲ್ಲಿ ಖಾಲಿ ಇದ್ದ ಹೆಡ್‌ಮಾಸ್ತರರ ಕುರ್ಚಿಯಲ್ಲಿ ಕೂಡಿಸಿದರು. ಹಿರಿಯರಲ್ಲಿ ಒಬ್ಬರು ಕೆಮ್ಮಿದರು, ಒಬ್ಬರು ಎದ್ದು ಹೋದರು. ಸರ್ ಅತ್ತ ನೋಡಲಿಲ್ಲ. ನಮ್ಮ ಕಡೆ ತಿರುಗಿ, "ಮೊದ್ಲಿಂದ" ಅಂದರು. ನಾವು ಮೊದಲಿನಿಂದ ಹಾಡಿದೆವು. ಆಕೆ ಕುರ್ಚಿಯ ಅಂಚಿನಲ್ಲಿ, ಬೀಳುತ್ತೇನೇನೋ ಎಂಬಂತೆ ಕೂತು, ಹಾಡು ಮುಗಿಯುವವರೆಗೆ ಮಗನ ಕೈಗಳನ್ನೇ ನೋಡುತ್ತಿದ್ದರು.

ಇಂಥ ಮನುಷ್ಯನಿಗೆ ನಾನು ಮಾಡಿದ್ದನ್ನು ಈಗ ಹೇಳುತ್ತೇನೆ.

ನಾನು ಅಧ್ಯಾಪಕಿಯಾಗಿ ಐದಾರು ವರ್ಷ ಕಳೆದಿತ್ತು. ಕ್ವಾಯರಿನಲ್ಲಿ ಇನ್ನೂ ಹಾಡುತ್ತಿದ್ದೆ, ಮುಂದಿನ ಸಾಲಿನ ಎಡ ತುದಿಯಲ್ಲಿ. ಒಂದು ದಿನ ಅಭ್ಯಾಸದಲ್ಲಿ ಗುಬ್ಬಿಗಳ ಸ್ವರ ಕೆಳಗೆ ಜಾರಿತು. ಎಂಥ ಜಾರಾಟ ಅಂದರೆ, ಹೊಸ ಹುಡುಗಿಯರೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸರ್ ಮಾತ್ರ ನಗುನಗುತ್ತ ಕೈ ಆಡಿಸುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ಅವರ ಹಿಂದಿನ ಬೆಂಚಿನ ಮೇಲೆ ಯಾರದೋ ಮೊಬೈಲು ಜೋರಾಗಿ ಹೊಡೆದುಕೊಂಡಿತು. ಅಭ್ಯಾಸದ ವೇಳೆ ಫೋನು ಬಂದರೆ ಕಿಟಕಿಯಿಂದ ಹೊರಗೆ ಎಸೆಯುತ್ತೇನೆ ಎನ್ನುತ್ತಿದ್ದ ಮನುಷ್ಯ ತಿರುಗಿಯೂ ನೋಡಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ಉಳಿದೆ. ಸರ್ ಹಾರ್ಮೋನಿಯಂ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟು ಕೂತರು.

"ನಿನಗ ತಿಳೀತಲ್ಲ?"

"ತಿಳೀತು ಸರ್."

"ಬಲಗಿವಿ ಹೋಗಿ ವರ್ಷ ಆತು. ಎಡದ್ದು ಹೋಗಾಕತ್ತದ. ಖಾಜಾನ ಸಂಗಾಟ ಹೈದರಾಬಾದಿಗೆ ಹೋಗಿ ತೋರಸ್ಕೊಂಡು ಬಂದೆ. ನರ ಒಣಗ್ಯಾವ ಅಂದ್ರು. ಮಷೀನು ಕೊಟ್ಟಾರ. ಹಾಕ್ಕೊಂಡ್ರ ಮಾತು ತಿಳೀತದ, ಹಾಡು ಮಾತ್ರ ತಗಡು ಬಡ್ದಂಗ ಕೇಳ್ತದ." ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಎಷ್ಟು ದಿನದಿಂದ ಹಾಗೆ ನೋಡುತ್ತಿದ್ದರೋ, ನಾನು ಗಮನಿಸಿರಲಿಲ್ಲ. "ಸುನೀತಾಗೂ ಹೇಳಿಲ್ಲ. ಖಾಜಾಗ ಗೊತ್ತದ, ಈಗ ನಿನಗ ಗೊತ್ತಾತು. ಇನ್ನ ಮೂರು ವರ್ಷ ನೌಕರಿ ಅದ ಬೀರವ್ವಾ. ಅಲ್ಲೀತನ ನನಗ ಕಿವಿ ಆಗ್ತೀಯೇನು?"

ಆಗುತ್ತೇನೆ ಅಂದೆ. ಮನಸ್ಸು ತುಂಬಿ ಅಂದೆ, ಅದರಲ್ಲಿ ಸುಳ್ಳಿಲ್ಲ.

ನಾವು ಸನ್ನೆಗಳನ್ನು ಮಾಡಿಕೊಂಡೆವು. ಸ್ವರ ಕೆಳಗಿಳಿದರೆ ನಾನು ಸೆರಗು ಸರಿಪಡಿಸಿಕೊಳ್ಳಬೇಕು. ಮೇಲೇರಿದರೆ ಕನ್ನಡಕ ಒತ್ತಿಕೊಳ್ಳಬೇಕು. ಲಯ ಜಗ್ಗಿದರೆ ಪುಸ್ತಕದ ಅಂಚಿಗೆ ಬೆರಳು. ಯಾವ ಗುಂಪಿನ ತಪ್ಪು ಎಂಬುದನ್ನು ಕಣ್ಣಿನಲ್ಲಿ ತೋರಿಸುತ್ತಿದ್ದೆ. ಸರ್ ತಕ್ಷಣ ಕೈ ನಿಲ್ಲಿಸಿ, "ಹೋರಿಗೋಳ್ರಾ, ಎಲ್ಲಿಗೆ ಹೊಂಟೀರಿ?" ಎಂದು ಗದರುತ್ತಿದ್ದರು. ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಸರ್ ಕಿವಿ ಮೊದಲಿಗಿಂತ ಚುರುಕಾಗಿದೆ ಎಂದು ಹುಡುಗರು ಮಾತಾಡಿಕೊಳ್ಳುತ್ತಿದ್ದರು.

ಮೊದಲ ವರ್ಷ ಆ ಮಾತು ಕೇಳಿ ನನಗೆ ಒಳಗೊಳಗೇ ನಗು, ಸಂತೋಷ. ಎರಡನೆಯ ವರ್ಷ ಅದೇ ಮಾತು ಚುಚ್ಚತೊಡಗಿತು. ಚಪ್ಪಾಳೆ ಬಿದ್ದಾಗ ಸರ್ ಬಾಗಿ ನಮಸ್ಕರಿಸುತ್ತಿದ್ದರು; ನಾನು ಸಾಲಿನ ತುದಿಯಲ್ಲಿ ನಿಂತು ಆ ಚಪ್ಪಾಳೆಯಲ್ಲಿ ನನ್ನ ಪಾಲು ಎಷ್ಟು ಎಂದು ಯೋಚಿಸುತ್ತಿದ್ದೆ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಕೈ ಆಡಿಸಿ ನೋಡಿಕೊಂಡದ್ದೂ ಉಂಟು.

ಆ ವರ್ಷ ಹೊಸ ಕುಲಪತಿ ಬಂದಿದ್ದರು, ಗುಂಟೂರು ಕಡೆಯ ಹೆಣ್ಣುಮಗಳು. ಒಳ್ಳೆಯವರು, ಇದನ್ನು ಬರೆದಿಡಬೇಕು, ಯಾಕೆಂದರೆ ಮುಂದಿನದರಲ್ಲಿ ಅವರ ತಪ್ಪೇನೂ ಇಲ್ಲ. ಅಕ್ಟೋಬರ್ ಕೊನೆಯ ಸುಧಾರಣಾ ದಿನ ನಮ್ಮಲ್ಲಿ ದೊಡ್ಡ ಹಬ್ಬ. ಲೂಥರನ್ ಸಭೆ ಹುಟ್ಟಿದ್ದನ್ನು ನೆನೆಯುವ ದಿನ ಅದು. ಸಂಜೆ ಕ್ವಾಯರಿನ ಹಾಡು ಇರುತ್ತದೆ. ಆ ಸಲ ಹೊರಗಿನ ಸಭೆಗಳಿಂದ ಅತಿಥಿಗಳು ಬರುವವರಿದ್ದರು. ಕುಲಪತಿಗಳು ನನ್ನನ್ನು ತಮ್ಮ ಕೋಣೆಗೆ ಕರೆದರು.

"ಬೀರಮ್ಮಾ, ದೇವಪುತ್ರ ಗಾರು ಈ ನಡುವೆ ಬಹಳ ದಣಿದ ಹಾಗೆ ಕಾಣ್ತಾರೆ. ಮಾತಾಡಿಸಿದ್ರೆ ಬೇರೇನೋ ಉತ್ತರ ಕೊಡ್ತಾರೆ. ಅವರಿಗೆ ಏನಾದ್ರೂ ತೊಂದರೆ ಇದೆಯಾ? ನೀವು ಅವರಿಗೆ ಹತ್ತಿರದವರು, ಅದಕ್ಕೇ ಕೇಳ್ತಿದೀನಿ."

"ಏನೂ ಇಲ್ಲ ಮೇಡಂ" ಅಂದಿದ್ದರೆ ಮುಗಿಯುತ್ತಿತ್ತು. ಅವರು ಎರಡನೆಯ ಸಲ ಕೇಳುತ್ತಿರಲಿಲ್ಲ. ನಾನು ಹೇಳಿದ್ದು ಇದು: "ಸರ್‌ಗೆ ಕಿವಿ ಕೇಳಿಸೋದಿಲ್ಲ ಮೇಡಂ. ಎರಡು ವರ್ಷದಿಂದ ಕ್ವಾಯರ್ ನಡೆಸ್ತಿರೋದು ನಾನೇ."

ಮೊದಲನೆಯ ಮಾತನ್ನು ಸಂಸ್ಥೆಯ ಒಳ್ಳೆಯದಕ್ಕಾಗಿ ಹೇಳಿದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಎರಡನೆಯ ಮಾತನ್ನು ಯಾಕೆ ಹೇಳಿದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಕುಲಪತಿಗಳ ಮುಖ ಬಾಡಿತು. "ಪಾಪ" ಅಂದರು. ಆಗ ನಾನು ಮೂರನೆಯ ಮಾತು ಹೇಳಿದೆ: "ನಾನು ಹೇಳ್ದೆ ಅಂತ ಸರ್‌ಗೆ ತಿಳಿಸಬೇಡಿ ಮೇಡಂ." ಅವರು ಒಪ್ಪಿಕೊಂಡರು, ಕೊನೆಯವರೆಗೂ ಮಾತು ಉಳಿಸಿಕೊಂಡರು.

ಮರುದಿನ ಸರ್ ಅವರಿಗೆ ಕರೆ ಹೋಯಿತು. ನಾನು ಸ್ಟಾಫ್ ರೂಮಿನ ಕಿಟಕಿಯಲ್ಲಿದ್ದೆ. ಅರ್ಧ ಗಂಟೆಯ ಮೇಲೆ ಅವರು ಹೊರಬಂದು ಮೆಟ್ಟಿಲಿಳಿದರು. ಕೆಳಗೆ ಖಾಜಾ ಮಾಮಾ ವ್ಯಾನಿನ ಗಾಜು ಒರೆಸುತ್ತಿದ್ದರು. "ಏನಂತ ಸರ್, ಯಾಕ ಕರ್ದಿದ್ರು?" ಎಂದು ಕೇಳಿದ್ದು ನನಗೂ ಕೇಳಿಸಿತು. ಸರ್ ನಿಂತು ಅವರ ಮುಖವನ್ನು ಬಹಳ ಹೊತ್ತು ನೋಡಿದರು. ಗೇಟಿನ ಕಡೆ ನಡೆದು, ಬಸ್ಸಿಗೆ ಕೈ ಮಾಡಿ ಹತ್ತಿ ಹೋದರು. ಅಂದಿನಿಂದ ಅವರು ವ್ಯಾನು ಹತ್ತಲಿಲ್ಲ.

ಯಾಕೆಂದು ಆಗ ನನಗೆ ತಿಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅರ್ಧ ತಿಳಿದಿತ್ತು. ಇನ್ನರ್ಧ ತಿಳಿದುಕೊಳ್ಳಲು ನಾನು ಹೋಗಲಿಲ್ಲ.

ಸುಧಾರಣಾ ದಿನ ಕ್ವಾಯರ್ ನಡೆಸುವ ಕೆಲಸ ನನಗೆ ಬಂತು. ಹಿಂದಿನ ದಿನ ಸರ್ ತಾವಾಗಿಯೇ ಚರ್ಚಿಗೆ ಬಂದು ನನ್ನನ್ನು ಮುಂದೆ ನಿಲ್ಲಿಸಿಕೊಂಡರು. "ಎಡಗೈ ಅಷ್ಟು ಮ್ಯಾಲ ಎತ್ತಬ್ಯಾಡ, ಕೋಣಗೋಳು ಬೆದರ್ತಾವ. ಉಸುರು ನೀ ಮೊದ್ಲ ತಗೋ, ಅವ್ರು ತಾವಾ ತಗೋತಾರ" ಎಂದು ಒಂದೊಂದಾಗಿ ಹೇಳಿಕೊಟ್ಟರು. ನಾನು ಅವರ ಮುಖ ನೋಡದೆ ಹಾಡಿನ ಪುಸ್ತಕವನ್ನೇ ನೋಡುತ್ತಿದ್ದೆ. ಹೊಸ ಜವಾಬ್ದಾರಿಯ ಅಂಜಿಕೆ ಎಂದು ಅವರು ತಿಳಿದರು. "ಯಾಕ ಅಂಜ್ತೀ? ನಾನೇನು ಬ್ಯಾರೇದವರ ಕೈಯಾಗ ಕೊಟ್ಟಿಲ್ಲಲ್ಲ. ನಿನ್ನ ಕೈಯಾಗ ಕೊಟ್ಟೀನಿ" ಅಂದರು.

ಆ ಸಂಜೆ ಅವರು ಮೊದಲ ಸಾಲಿನಲ್ಲಿ ಕೂತಿದ್ದರು. ಹಾಡು ಚೆನ್ನಾಗಿಯೇ ಬಂತು. ಚಪ್ಪಾಳೆ ಬಿದ್ದಾಗ ನಾನು ತಿರುಗಿ ಬಾಗಿದೆ. ಸರ್ ಆಚೀಚೆಯವರ ಕೈ ನೋಡಿ, ಆಮೇಲೆ ತಾವೂ ತಟ್ಟಿದರು. ಕಾರ್ಯಕ್ರಮ ಮುಗಿದ ಮೇಲೆ ಬಂದು ನನ್ನ ತಲೆ ಮುಟ್ಟಿದರು. "ಕೇಳಸ್ಲಿಲ್ಲವ್ವಾ, ನೋಡ್ದೆ. ಎಲ್ಲಾರ ಬಾಯಿ ಒಂದೇ ಸಲ ತೆರದ್ವು, ಒಂದೇ ಸಲ ಮುಚ್ಚಿದ್ವು. ಛಲೋ ಆಗಿರಬೇಕು." ಎರಡು ವರ್ಷದಿಂದ ನಾನು ಬಯಸಿದ್ದ ಚಪ್ಪಾಳೆ ಸಿಕ್ಕಿತ್ತು. ಮನೆಗೆ ಹೋಗಿ ಸೀರೆಯನ್ನೂ ಬಿಚ್ಚದೆ ಗೋಡೆಗೆ ಮುಖ ಮಾಡಿ ಮಲಗಿದೆ.

ಉಳಿದ ನೌಕರಿಯನ್ನು ಸರ್ ಗ್ರಂಥಾಲಯದಲ್ಲಿ ಹಳೆಯ ಹಾಡಿನ ಪುಸ್ತಕಗಳಿಗೆ ರಟ್ಟು ಹಾಕಿಸುತ್ತ ಕಳೆದರು. ನಿವೃತ್ತಿಯ ಮೇಲೆ ಮಾನ್ವಿಗೆ, ಮಗಳು ಸುನೀತಾಳ ಮನೆಗೆ ಹೋದರು. ಆಕೆ ಅಲ್ಲಿ ನರ್ಸ್. ನಾನು ಹೋಗಬೇಕು, ಹೋಗಬೇಕು ಎಂದುಕೊಳ್ಳುತ್ತಲೇ ಎರಡು ವರ್ಷ ಹೋಗಲಿಲ್ಲ. ಮಾನ್ವಿ ಎಷ್ಟು ದೂರ? ನಮ್ಮ ಗೇಟಿನ ಮುಂದೆಯೇ ಬಸ್ಸು ನಿಲ್ಲುತ್ತದೆ.

ಕೊನೆಗೊಂದು ಭಾನುವಾರ ಎಲ್ಲವನ್ನೂ ಹೇಳಿಬಿಡಬೇಕೆಂದು ನಿಶ್ಚಯಿಸಿ ಹೋದೆ. ಸರ್ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ಬಡವಾಗಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿದ ರೀತಿ ಈಗಲೂ ಕಣ್ಣ ಮುಂದಿದೆ. ಎರಡೂ ಕಿವಿ ಪೂರ್ತಿ ಹೋಗಿದ್ದವು. ತುಟಿ ಓದುವುದಕ್ಕೂ ಈಗ ಕಣ್ಣು ಮಂಜು. ನನ್ನ ತೊಡೆಯ ಮೇಲೆ ಒಂದು ಪಾಟಿ ಇಟ್ಟು, ಕೈಗೆ ಬಳಪ ಕೊಟ್ಟರು. "ದೊಡ್ಡ ಅಕ್ಷರದಾಗ ಬರಿ. ನೀ ಕನ್ನಡ ಮೇಡಂ, ತಪ್ಪಿಲ್ಲದ ಬರೀತೀ" ಎಂದು ನಕ್ಕರು.

ಬಾಯಿಂದ ಹೇಳಲು ಸಿದ್ಧಳಾಗಿ ಬಂದಿದ್ದೆ. ಬರೆಯಲು ಸಿದ್ಧಳಾಗಿರಲಿಲ್ಲ. ಕ್ವಾಯರ್ ಹೇಗಿದೆ, ಯಾರು ಯಾರು ಹೊಸಬರು, ಇವನ್ನೇ ಬರೆದೆ, ಒರೆಸಿದೆ, ಮತ್ತೆ ಬರೆದೆ. ಮಾತಿನ ನಡುವೆ ಸರ್ ತಾವಾಗಿಯೇ ಆ ವಿಷಯಕ್ಕೆ ಬಂದರು.

"ಖಾಜಾ ಹಂಗ ಮಾಡಬಾರದಾಗಿತ್ತು ಬೀರವ್ವಾ. ಮೇಡಂಗ ಹೇಳೂ ಮೊದ್ಲು ನನಗೊಂದು ಮಾತು ಹೇಳಿದ್ರ ನಾನಾ ಬಿಟ್ಟು ಕೊಡ್ತಿದ್ದೆ. ಆಮ್ಯಾಲ ಮೂರು ಸಲ ಮನಿಗಿ ಬಂದ. ನಾ ಬಾಗಲಾ ತೆಗೀಲಿಲ್ಲ. ರಂಜಾನಿಗೆ ಶಿರಖುರ್ಮಾ ಕಳಿಸಿದ್ದ, ಹಂಗಾ ತಿರುಗಿ ಕಳಿಸ್ದೆ. ಗೊತ್ತಿದ್ದೋರು ನೀವಿಬ್ರ. ನೀ ಅಂತೂ ಹೇಳಾಕಿ ಅಲ್ಲ."

ನಾನು ಪಾಟಿಯ ಮೇಲೆ ಬರೆದೆ: "ಖಾಜಾ ಮಾಮಾ ಹೇಳಿಲ್ಲ ಸರ್."

ಅವರು ಪಾಟಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ನನ್ನ ಕೈಗೇ ತಿರುಗಿ ಕೊಟ್ಟು ಕೇಳಿದರು, "ಮತ್ಯಾರು?"

ಪಾಟಿ ಒರೆಸಿದೆ. ಬಳಪ ಹಿಡಿದು ಕೂತೆ. ಅವರು ಶೇಂಗಾ ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದರು. ಒಳಗೆ ಸುನೀತಾ ಚಹಾದ ಕಪ್ಪುಬಸಿಗಳನ್ನು ಜೋಡಿಸುವ ಸಪ್ಪಳ ನನಗೆ ಕೇಳುತ್ತಿತ್ತು, ಅವರಿಗೆ ಕೇಳುತ್ತಿರಲಿಲ್ಲ.

"ಗೊತ್ತಿಲ್ಲ" ಎಂದು ಬರೆದೆ.

ಸರ್ ನಿಟ್ಟುಸಿರು ಬಿಟ್ಟು ನಕ್ಕರು. "ನಿನಗ ಎಲ್ಲಾರ ಮ್ಯಾಲೂ ಕನಿಕರ. ಅವನ ಪರವಾಗಿ ಹೇಳಾಕ ಬಂದೀ. ಇರ್ಲಿ ಬಿಡು" ಎಂದು ಒಂದು ಹಿಡಿ ಸುಲಿದ ಶೇಂಗಾ ನನ್ನ ಕೈಗೆ ಹಾಕಿದರು. ಅದೇ ನಾನು ಅವರನ್ನು ಕೊನೆಯ ಸಲ ಕಂಡದ್ದು.

ಮುಂದಿನ ಬೇಸಿಗೆಯಲ್ಲಿ ಸರ್ ತೀರಿಕೊಂಡರು. ಅರಕೇರಾದಲ್ಲಿ, ತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಕ್ವಾಯರಿನವರೆಲ್ಲ ಕಾಲೇಜಿನ ವ್ಯಾನಿನಲ್ಲಿ ಹೋದೆವು. ಓಡಿಸಿದವರು ಖಾಜಾ ಮಾಮಾ. ಬಿಸಿಲು ಕೆಂಡದಂತಿತ್ತು. ನಾವು ನಾಲ್ಕು ದನಿಯಲ್ಲಿ ಹಾಡಿದೆವು, ನಾನೇ ಕೈ ಆಡಿಸಿದೆ. ಎಲ್ಲರೂ ಮಣ್ಣು ಹಾಕಿ ಸರಿದ ಮೇಲೆ ಖಾಜಾ ಮಾಮಾ ಬಂದರು. ಚಪ್ಪಲಿ ದೂರ ಬಿಟ್ಟು, ಮೂರು ಹಿಡಿ ಮಣ್ಣು ಹಾಕಿ, ಎರಡೂ ಕೈ ಮುಖದ ಮುಂದೆ ಹಿಡಿದು ನಿಂತರು. ಸುನೀತಾ ಅವರ ಕಡೆ ನೋಡಿ ಮುಖ ತಿರುಗಿಸಿದಳು. ಅದನ್ನು ನಾನು ನೋಡಿದೆ. ಖಾಜಾ ಮಾಮಾನೂ ನೋಡಿದರು.

ತಿರುಗಿ ಬಂದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಹುಡುಗರೆಲ್ಲ ಹಾಸ್ಟೆಲ್ಲಿನ ಹತ್ತಿರ ಇಳಿದರು. ನಾನು ಮುಂದಿನ ಸೀಟಿನಲ್ಲಿ ಹಾಗೇ ಕೂತಿದ್ದೆ. ಖಾಜಾ ಮಾಮಾ ಸ್ಟೇರಿಂಗಿನ ಮೇಲೆ ಕೈ ಇಟ್ಟು ಅಂದರು, "ಇಷ್ಟು ವರ್ಷ ಸಂಗಾಟ ಇದ್ವಿ ಬೇಟಿ. ಕಡೀಕ ಯಾಕ ಮಾತು ಬಿಟ್ರೋ, ನನಗ ತಿಳೀಲೇ ಇಲ್ಲ."

ಆಗ ಹೇಳಿದೆ. ಕುಲಪತಿಗಳ ಕೋಣೆಯಲ್ಲಿ ಆಡಿದ ಮೂರೂ ಮಾತು ಹೇಳಿದೆ. ಪಾಟಿಯ ಮೇಲೆ ಬರೆದದ್ದನ್ನೂ ಹೇಳಿದೆ. ನಾನು ಅಳುತ್ತಿದ್ದೆ, ಅವರು ಸಮಾಧಾನ ಮಾಡಲಿಲ್ಲ. ಎಂಜಿನ್ ಬಂದ್ ಮಾಡಿ ಗಾಜಿನಾಚೆ ನೋಡಿದರು.

"ಇದಕ್ಕಾ?" ಅಂದರು. "ನನ್ನ ಮಗಳ ಲಗ್ನಕ್ಕ ಮೊದ್ಲನೇ ಚೀಟಿ ಅವರಿಗೆ ಕೊಡ್ಲಿಲ್ಲ ಅಂತ ಸಿಟ್ಟಾಗ್ಯಾರ ಅಂತ ತಿಳ್ಕೊಂಡಿದ್ದೆ. ಆಮ್ಯಾಲ, ಹೈದರಾಬಾದಿನಾಗ ಡಾಕ್ಟರ್ ಮುಂದ ನಾನಾ ಜಾಸ್ತಿ ಮಾತಾಡ್ದೆನಾ ಅಂತ ಅನ್ಕೊಂಡೆ. ಢೋಲಕ್ ಬಾರ್ಸಾದು ಸರಿ ಇರ್ಲಿಲ್ಲೇನೋ ಅಂದ್ಕೊಂಡೆ. ನನ್ನ ತಪ್ಪು ಯಾವ್ದು, ಯಾವ್ದು ಅಂತ ಇಷ್ಟು ವರ್ಷ ಹುಡಕಿದೆ." ನನ್ನ ಕಡೆ ತಿರುಗಿ, "ಅವ್ರು ಕೇಳಿದಾಗ ಬರೀಬೇಕಾಗಿತ್ತು ನೀನು. ಬಳಪ ಕೈಯಾಗಿತ್ತು" ಅಂದರು.

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

"ನನಗ ಹೇಳಿ ಏನು ಮಾಡ್ತೀ? ಸುನೀತಾಗ ಹೇಳು. ಆ ಹುಡುಗಿ ಇವತ್ತು ನನ್ ಮುಖ ನೋಡ್ಲಿಲ್ಲ" ಎಂದು ಕೆಳಗಿಳಿದು, ವ್ಯಾನಿನ ಬಾಗಿಲು ಹಾಕಿ, ಮನೆಯ ಕಡೆ ನಡೆದರು.

ಒಂದು ವಾರ ಬಿಟ್ಟು ಮಾನ್ವಿಗೆ ಹೋದೆ. ಸುನೀತಾ ಡ್ಯೂಟಿ ಮುಗಿಸಿ ಆಗಷ್ಟೇ ಬಂದಿದ್ದಳು, ಯೂನಿಫಾರ್ಮಿನಲ್ಲೇ ಇದ್ದಳು. ಈ ಸಲ ಪೀಠಿಕೆ ಹಾಕಲಿಲ್ಲ. ನಿಂತೇ ಹೇಳಿದೆ. ಆಕೆ ಕ್ಯಾಲೆಂಡರ್ ಕಡೆ ನೋಡುತ್ತ ಕೇಳಿದಳು. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಅಪ್ಪ ಕಡೀ ವಾರದಾಗ ಒಂದ್ಸಲ ಕೇಳಿದ್ದ," ಅಂದಳು. "ಖಾಜಾನ ಕರಸ್ತೀಯೇನು ಅಂತ. ನಾನಾ ಬ್ಯಾಡಂದೆ. ಅಂಥವ್ರು ಯಾಕ ಬೇಕಪ್ಪಾ ಅಂತ ಪಾಟಿ ಮ್ಯಾಲ ಬರದು ತೋರ್ಸಿದೆ. ಆಮ್ಯಾಲ ಕೇಳ್ಲಿಲ್ಲ."

ನಾನು ಕುರ್ಚಿಯಲ್ಲಿ ಕೂತೆ. ಆಕೆ ಒಳಗೆ ಹೋಗಿ ಚಹಾ ಮಾಡಿ ತಂದು ನನ್ನ ಮುಂದೆ ಇಟ್ಟಳು. ತಾನು ಕುಡಿಯಲಿಲ್ಲ.

"ನಾಳಿ ರಜಾ ಹಾಕಿ ಮಾಮಾನ ಮನಿಗಿ ಹೋಗ್ತೀನಿ," ಅಂದಳು.

"ನಾನೂ ಬರ್ತೀನಿ ಸುನೀತಾ."

"ನೀವು ಬರಬ್ಯಾಡ್ರಿ ಅಕ್ಕಾ."

ಸಿಟ್ಟಿನಿಂದ ಹೇಳಲಿಲ್ಲ. ದವಾಖಾನೆಯಲ್ಲಿ ರೋಗಿಯ ಕಡೆಯವರಿಗೆ ಹೊರಗೆ ಇರಿ ಎಂದು ಹೇಳುವಂತೆ, ಮೆತ್ತಗೆ ಹೇಳಿದಳು. ನಾನು ಚಹಾ ಕುಡಿದು, ಕಪ್ಪುಬಸಿಯನ್ನು ಒಳಗೆ ಒಯ್ದು ತೊಳೆದಿಟ್ಟು, ಬಸ್‌ಸ್ಟ್ಯಾಂಡಿಗೆ ನಡೆದೆ.

ಆಕೆ ಹೋದಳು ಎಂದು ಗೊತ್ತು. ಇಡೀ ದಿನ ಅಲ್ಲಿಯೇ ಇದ್ದಳಂತೆ, ಊಟವನ್ನೂ ಮಾಡಿದಳಂತೆ. ಅಲ್ಲಿ ಏನು ಮಾತಾಯಿತು ಎಂದು ನನಗೆ ಯಾರೂ ಹೇಳಿಲ್ಲ, ನಾನೂ ಕೇಳಿಲ್ಲ.